ದೊಡ್ಡಕ್ಕನ ಹಗ್ಗ

ಇಟ್ಟಿಗೆ ಗೂಡಿನ ಮಸಿ ಬೀಳದೇ ಹೋಗಿದ್ದರೆ ದೊಡ್ಡಕ್ಕ ಹಗ್ಗದ ತಂಟೆಗೇ ಹೋಗುತ್ತಿರಲಿಲ್ಲ.

ಬಟ್ಟೆ ಒಗೆಯುವುದು ಅವಳ ಕಸುಬು. ದಿಬ್ಬದ ನೆತ್ತಿಯಲ್ಲಿ ಒಂಟಿ ಮನೆ. ಪಕ್ಕದಲ್ಲಿ ಕಲ್ಲಿನ ತೊಟ್ಟಿ, ನೀರು ಕಾಯುವ ಹಂಡೆ, ಒಳಗೆ ಉದ್ದನೆಯ ಇಸ್ತ್ರಿ ಮೇಜು. ಆಸ್ಪತ್ರೆಯ ಹಾಸುಬಟ್ಟೆ, ರೈಲು ನಿಲ್ದಾಣದ ಎದುರಿನ ಹೋಟೆಲಿನ ಮೇಜುಬಟ್ಟೆ, ವಿಮಾನ ಮೈದಾನದವರ ಎಣ್ಣೆ ಮೆತ್ತಿದ ಮೇಲಂಗಿ, ಎಲ್ಲಕ್ಕೂ ಅವಳ ಮನೆಯೇ ಗತಿ. ಅವಳು ಒಗೆದ ಬಟ್ಟೆಯ ಪಕ್ಕದಲ್ಲಿ ಹಾಲಿಟ್ಟರೆ ಹಾಲೇ ನಾಚಬೇಕು ಎಂದು ಅವಳ ಗಂಡ ಗಿರಾಕಿಗಳಿಗೆ ಹೇಳುತ್ತಿದ್ದ. ಗಂಡ ಇಸ್ತ್ರಿ ಮಾಡುವವನು, ಇಸ್ತ್ರಿ ಪೆಟ್ಟಿಗೆಯಂಥವನೇ. ಕಾಯಲು ಹೊತ್ತು ಬೇಕು, ಕಾದ ಮೇಲೆ ಆರಲೂ ಹೊತ್ತು ಬೇಕು.

ಒಗೆದದ್ದನ್ನು ಒಣಹಾಕಲು ಮಾವನವರ ಕಾಲದಲ್ಲೇ ಮನೆಯ ಮುಂದೆ ಸಾಲಾಗಿ ಕಂಬ ನೆಟ್ಟು ಹಗ್ಗ ಕಟ್ಟಿದ್ದರು. ದಿಬ್ಬದ ಬೆನ್ನು ಎತ್ತ ಹೋಗುತ್ತದೋ ಕಂಬಗಳೂ ಅತ್ತಲೇ ಹೋಗಿದ್ದವು. ಆ ವರ್ಷ ದಿಬ್ಬದ ಬುಡದಲ್ಲಿ ಯಾರೋ ಇಟ್ಟಿಗೆ ಗೂಡು ಹಾಕಿದರು. ಗಾಳಿ ತಿರುಗಿದಾಗಲೆಲ್ಲ ಬಿಳಿ ಬಟ್ಟೆಯ ಮೇಲೆ ಕರಿ ಚುಕ್ಕಿ. ಆಸ್ಪತ್ರೆಯ ದೊಡ್ಡ ನರ್ಸು ಒಂದು ಗಂಟನ್ನೇ ವಾಪಸು ಕಳಿಸಿ, ಇದು ರೋಗಿಗೆ ಹಾಸುವುದಕ್ಕೋ ಒಲೆ ಒರೆಸುವುದಕ್ಕೋ ಎಂದು ಕೇಳಿಸಿದ್ದಳು. ಆ ಮಾತು ದೊಡ್ಡಕ್ಕನಿಗೆ ಮುಳ್ಳಿನಂತೆ ನಾಟಿತು. ಗಂಡನ ಬೆನ್ನು ಹತ್ತಿ ಕಂಬಗಳನ್ನೆಲ್ಲ ಕೀಳಿಸಿ, ಮನೆಯ ಹಿಂಬದಿಗೆ ಗೋಡೆಯ ಗುಂಟ ನೆಡಿಸಿದಳು. ಮನೆಯೇ ಮಸಿಗೆ ಅಡ್ಡವಾಯಿತು. ಮುಂದಿನ ಹಳೆಯ ಕುಳಿಗಳನ್ನು ಮುಚ್ಚಲು ಹೇಳಿದರೆ ಗಂಡ, ನಾಳೆ ಎಂದ. ಅವನ ನಾಳೆಗಳನ್ನು ಒಣಹಾಕಲು ಇನ್ನೊಂದು ಹಗ್ಗವೇ ಬೇಕು ಎಂದು ಅವಳು ಗೊಣಗಿ ಸುಮ್ಮನಾದಳು.

ಇದಾಗಿ ಎರಡು ದಿನವಷ್ಟೇ ಕಳೆದಿತ್ತು.

ಅವಳ ತಮ್ಮ ಅಂಚೆ ವಿಮಾನ ನಡೆಸುವವನು. ಕಾಗದಗಳನ್ನು ವಿಮಾನದಲ್ಲಿ ಸಾಗಿಸಲು ಶುರುವಾದ ಹೊಸತು. ವಿಮಾನವೆಂದರೆ ಮರದ ಹಂದರಕ್ಕೆ ಬಟ್ಟೆ ಹೊದಿಸಿದ್ದು, ಕೂರುವ ಜಾಗಕ್ಕೆ ಮೇಲೊಂದು ಸೂರೂ ಇಲ್ಲ. ಮಳೆ ಬಂದರೆ ಮುಖಕ್ಕೇ. ಒಮ್ಮೆ ಮೈದಾನಕ್ಕೆ ಹೋದಾಗ ದೊಡ್ಡಕ್ಕ ರೆಕ್ಕೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇಷ್ಟು ತೆಳು ಬಟ್ಟೇನ ನಾನು ಕುದಿಯೋ ನೀರಿಗೂ ಹಾಕಲ್ಲ, ನೀನು ಮೋಡಕ್ಕೆ ಹಾಕ್ತೀಯಲ್ಲೋ" ಎಂದಿದ್ದಳು. ಅವನು ನಕ್ಕಿದ್ದ. ತಾಯಿ ಸತ್ತಾಗ ಅವನಿನ್ನೂ ಸೆರಗು ಹಿಡಿದು ನಡೆಯುವ ಕೂಸು. ಅಕ್ಕನೇ ಅನ್ನ, ಅಕ್ಕನೇ ಬೆತ್ತ. ಅವನ ನಗುವನ್ನು ಅವಳು ನಂಬುತ್ತಿರಲಿಲ್ಲ, ಭಯವನ್ನು ಮುಚ್ಚಲು ಚಿಕ್ಕಂದಿನಿಂದಲೂ ಅವನು ಹಾಗೇ ನಗುತ್ತಿದ್ದ.

ಭಯಕ್ಕೆ ಕಾರಣವೂ ಇತ್ತು. ಅವಳ ಕಪಾಟಿನಲ್ಲಿ ಇಸ್ತ್ರಿಯಾಗಿ ಮಡಿಸಿಟ್ಟ, ವಿಮಾನ ನಡೆಸುತ್ತಿದ್ದ ಇನ್ನೊಬ್ಬನ ಮೇಲಂಗಿ ಹೋದ ಚಳಿಗಾಲದಿಂದ ಹಾಗೇ ಇತ್ತು. ಅದನ್ನು ಕೊಟ್ಟವನು ಕೇಳಿಕೊಂಡು ಬರುವ ಹಾಗಿರಲಿಲ್ಲ. ಕೊಡಬೇಕಾದ ವಿಳಾಸ ಯಾವುದೆಂದು ಅವಳೂ ಯಾರನ್ನೂ ಕೇಳಿರಲಿಲ್ಲ.

ತಮ್ಮ ಮನೆಯ ಮೇಲೆ ಹಾರುವಾಗ ರೆಕ್ಕೆಯನ್ನು ಅತ್ತಿತ್ತ ಆಡಿಸಿ ಹೋಗುತ್ತಿದ್ದ. ಮನೆಗೆ ಬಂದಾಗ, "ಅಕ್ಕ, ನಿನ್ನ ಹಗ್ಗ ಇರೋ ತನಕ ನಮಗೆ ದಾರಿ ತಪ್ಪಲ್ಲ. ಮೋಡ ಇಳಿದ ದಿನ ಮಾತ್ರ ಬಟ್ಟೆ ತೆಗೀಬೇಡ" ಎನ್ನುತ್ತಿದ್ದ. ಇನ್ನೊಂದು ತುತ್ತಿಗೆ ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡರೂ ಅವಳು ಆ ಮಾತನ್ನು ನಡೆಸಿಕೊಂಡು ಬಂದಿದ್ದಳು. ಮೋಡ ಇಳಿದ ದಿನ ಬೇರೆ ಅಗಸಗಿತ್ತಿಯರು ಬಟ್ಟೆ ಬಾಚಿಕೊಂಡು ಒಳಗೆ ಓಡಿದರೆ ಇವಳು ಬಿಳಿಯದನ್ನೆಲ್ಲ ಹಗ್ಗದ ಮೇಲೆಯೇ ಬಿಡುತ್ತಿದ್ದಳು. ನೆನೆದರೆ ಮತ್ತೆ ಒಗೆದರಾಯಿತು. ಬಿಳಿ ಕಂಡರೆ ಅಕ್ಕನ ಮನೆ ಬಂತು ಎಂದು ತಿಳಿಯುತ್ತದೆ, ಅಷ್ಟೇ ತಾನೇ ಎಂದು ಅವಳ ಲೆಕ್ಕ.

ಆ ದಿನ ಮಧ್ಯಾಹ್ನವೇ ಮೋಡ ಇಳಿಯತೊಡಗಿತು. ಮೊದಲು ದೂರದ ಗುಡ್ಡಗಳು ಹೋದವು, ಆಮೇಲೆ ಕೆಳಗಿನ ರಸ್ತೆ, ಆಮೇಲೆ ಇಟ್ಟಿಗೆ ಗೂಡು. ಹಿಂಬದಿಯ ಹಗ್ಗದ ತುಂಬ ಆಸ್ಪತ್ರೆಯ ಹಾಸುಬಟ್ಟೆ. ಗಂಡ ಬಾಗಿಲಲ್ಲಿ ನಿಂತು, ತೆಗೆದುಬಿಡೋಣವೇ ಎಂದ. ಇರಲಿ ಎಂದಳು.

ಆಗ ಅಂಚೆ ವ್ಯಾನು ಬಂತು. ಅದನ್ನು ಓಡಿಸುವವನನ್ನು ಸುತ್ತಲಿನವರೆಲ್ಲ ಹಾರ್ನ್ ಮಾಮ ಎನ್ನುತ್ತಿದ್ದರು. ಎದುರಿಗೆ ನಾಯಿ ಬಂದರೂ, ಬರದಿದ್ದರೂ ಹಾರ್ನ್ ಒತ್ತುವುದು ಅವನ ಚಾಳಿ. ಮೈದಾನಕ್ಕೆ ಹೋಗುವ ದಾರಿಯಲ್ಲಿ ಒಗೆದ ಮೇಲಂಗಿಗಳನ್ನು ಒಯ್ಯಲು ಅವನು ನಿಲ್ಲುತ್ತಿದ್ದ. ಎರಡು ದಿನ ಹವೆ ಕೆಟ್ಟು ವಿಮಾನವೇ ಬರದೆ ಅಂಚೆ ಗುಡ್ಡೆ ಬಿದ್ದಿದೆಯಂತೆ, ಇವತ್ತು ಎರಡು ವಿಮಾನ ಬರುತ್ತವಂತೆ, ಒಂದು ಬಂದ ಮೇಲೆ ನಾವು ಊಟ ಮಾಡಿ ಕೈ ತೊಳೆಯುವಷ್ಟು ಹೊತ್ತಿಗೆ ಇನ್ನೊಂದು ಎಂದು ಸುದ್ದಿ ಹೇಳಿದ. ಒಂದರಲ್ಲಿ ಅವಳ ತಮ್ಮ, ಇನ್ನೊಂದರಲ್ಲಿ ಹೊಸಬ.

"ಮುಂದೆ ಯಾರು, ಹಿಂದೆ ಯಾರು?" ಎಂದಳು ದೊಡ್ಡಕ್ಕ.

ಅದು ಅವನಿಗೂ ಗೊತ್ತಿರಲಿಲ್ಲ.

ಅವನು ಗಂಟನ್ನು ಎತ್ತಿಕೊಳ್ಳುವಷ್ಟರಲ್ಲಿ ಸದ್ದು ಕೇಳಿಸಿತು. ದೂರದಲ್ಲಿ ಗುಂಯ್ ಎನ್ನುತ್ತಿದ್ದದ್ದು ಒಮ್ಮೆಲೇ ತಲೆಯ ಮೇಲೆ ಬಂತು. ಮೂವರೂ ಹಿತ್ತಲಿಗೆ ಓಡಿದರು. ಮೋಡ ಹರಿದ ಒಂದು ಕಿಂಡಿಯಲ್ಲಿ ವಿಮಾನದ ಹೊಟ್ಟೆ ಕಾಣಿಸಿತು. ಅಷ್ಟು ಕೆಳಗೆ ಅದನ್ನು ಅವಳು ಎಂದೂ ಕಂಡಿರಲಿಲ್ಲ. ಅದು ರೆಕ್ಕೆ ಆಡಿಸಲಿಲ್ಲ. ಏನನ್ನೋ ಹುಡುಕುವಂತೆ ಒಂದು ಸುತ್ತು ಬಂತು. ಬಟ್ಟೆಯ ಸಾಲು ಕಂಡದ್ದೇ ಒಂದು ಬದಿಗೆ ವಾಲಿ, ನೇರವಾಗಿ, ಹಗ್ಗ ಎತ್ತ ಹೋಗಿತ್ತೋ ಅತ್ತಲೇ ಮೂಗು ಮಾಡಿ ಬೆಳ್ಳಗಿನೊಳಗೆ ಹೊಕ್ಕಿತು. ಯಾರೋ ದಾರಿ ತೋರಿಸಿದ ಮೇಲೆ ನಿಶ್ಚಿಂತೆಯಿಂದ ಹೊರಟವರ ಹಾಗೆ.

ಹಾರ್ನ್ ಮಾಮನ ಕೈಯಿಂದ ಗಂಟು ಜಾರಿತು. "ಇದೇನು ದೊಡ್ಡಕ್ಕ, ಆ ಕಡೆ ಹೋಯ್ತು? ಅಲ್ಲಿ ಕಲ್ಲುಗಣಿ ಗುಡ್ಡ ಅಲ್ವಾ?"

"ಮತ್ತೆ ಯಾವ ಕಡೆ ಹೋಗ್ಬೇಕಿತ್ತು?"

"ಹಗ್ಗದ ಗುಂಟ ಹೋದ್ರೆ ಕಣಿವೆ ಸಂದು ಸಿಗುತ್ತೆ, ಸಂದು ದಾಟಿದ್ರೆ ಮೈದಾನ. ಹೊಸಬ್ರು ಬಂದ್ರೆ ಅವರಿಗೆ ಕಲಿಸೋ ಮೊದಲನೇ ಪಾಠನೇ ಅದು. ಮೋಡ ಇದ್ರೆ ದೊಡ್ಡಕ್ಕನ ಹಗ್ಗ ನೋಡು, ಅದು ತೋರಿಸಿದ ಕಡೆ ಹೋಗು ಅಂತ." ಅವನು ಕಂಬಗಳನ್ನು ನೋಡಿದ, ಮನೆಯನ್ನು ನೋಡಿದ.

ದೊಡ್ಡಕ್ಕನೂ ಕಂಬಗಳನ್ನು ನೋಡಿದಳು. ಮಾವನವರು ದಿಬ್ಬದ ಬೆನ್ನಿನ ಗುಂಟ ನೆಟ್ಟಿದ್ದ ಆ ಕಂಬಗಳು ಇಷ್ಟು ವರ್ಷ ಕಣಿವೆಯ ಸಂದಿಗೆ ಬೆರಳು ಮಾಡಿಕೊಂಡು ನಿಂತಿದ್ದವು. ಆ ಬೆರಳನ್ನು ಅವಳು ಗುಡ್ಡಕ್ಕೆ ತಿರುಗಿಸಿದ್ದಳು.

ಸದ್ದು ಇನ್ನೂ ಕೇಳುತ್ತಿತ್ತು. ಅದು ಒಮ್ಮೆಲೇ ಏರಿತು, ನಾಯಿ ಕಂಡ ಬೆಕ್ಕಿನಂತೆ ಕಿರುಚಿತು. ಆಮೇಲೆ ನೆನೆದ ಕಂಬಳಿಯನ್ನು ಕಲ್ಲಿಗೆ ಒಗೆದ ಹಾಗೆ ಒಂದೇ ಒಂದು ಸಲ, ದಪ್ಪನೆ. ಅದರ ಹಿಂದೆ ಗಣಿಯ ಜಲ್ಲಿ ಉರುಳಿದ ಸದ್ದು ಸ್ವಲ್ಪ ಹೊತ್ತು ಬಂತು. ಮತ್ತೆ ಏನೂ ಇಲ್ಲ.

ಅವಳು ಓಡತೊಡಗಿದ್ದಳು. ತೊಟ್ಟಿಯ ತನಕ ಓಡಿದವಳು ತೊಟ್ಟಿಯ ಅಂಚನ್ನು ಹಿಡಿದು ನಿಂತುಬಿಟ್ಟಳು. ಎರಡನೆಯದು ಬರುವುದಿತ್ತು. ಮೇಲಿದ್ದವರಿಗೆ ಕೆಳಗಿನವರ ಮಾತು ಮುಟ್ಟಿಸುವ ಯಾವ ಉಪಾಯವೂ ಆ ಕಾಲದಲ್ಲಿ ಇರಲಿಲ್ಲ. ಬರುವವನಿಗೆ ಕಾಣುವುದು ಹಗ್ಗ ಒಂದೇ.

ಗಣಿಗೆ ವ್ಯಾನು ಹೋಗುವಂಥ ರಸ್ತೆ ಇತ್ತು. ಹಾರ್ನ್ ಮಾಮ ಆಗಲೇ ವ್ಯಾನು ಏರಿದ್ದ, ಗಂಡನೂ ಅವನ ಪಕ್ಕದಲ್ಲಿ. ಹುಟ್ಟಿದಾಗಿನಿಂದ ಗಂಡ ಅಷ್ಟು ಬೇಗ ಎಲ್ಲಿಗೂ ಹೊರಟವನಲ್ಲ.

"ಬಾರೇ, ಹತ್ತು" ಎಂದ.

"ನಾನು ಬರಲ್ಲ ರೀ. ನೀವು ಹೋಗಿ."

"ಅಲ್ಲಿ ಇರೋದು ಅವನೇ ಆಗಿದ್ರೆ?"

"ಇಲ್ಲಿಗೆ ಬರೋದು ಅವನೇ ಆಗಿದ್ರೆ?"

ಹಾರ್ನ್ ಮಾಮ ಮುಖ ಹೊರಗೆ ಹಾಕಿ, ಈ ಮೋಡದಲ್ಲಿ ಅಲ್ಲಿ ಏನಾಯಿತೆಂದು ಅವಳಿಗೆ ಹೇಗೆ ತಿಳಿಯಬೇಕು ಎಂದು ಯೋಚಿಸಿ ಹೇಳಿದ: "ಸಿಕ್ಕಿ ಉಸಿರಿದ್ರೆ ಬಿಟ್ಟು ಬಿಟ್ಟು ಹಾರ್ನ್ ಹೊಡೀತೀನಿ. ಇಲ್ಲಾಂದ್ರೆ..."

"ಇಲ್ಲಾಂದ್ರೆ ಏನೂ ಹೊಡೀಬೇಡ, ಮಾಮ."

ವ್ಯಾನಿನ ಸದ್ದು ಇಳಿಜಾರಿನಲ್ಲಿ ಕರಗಿತು. ದಿಬ್ಬದ ಮೇಲೆ ಅವಳೊಬ್ಬಳೇ ಉಳಿದಳು.

ಕಂಬ ಕಿತ್ತು ನೆಡಲು ಹೊತ್ತಿರಲಿಲ್ಲ. ಮೊದಲು ಸುಳ್ಳು ದಾರಿ ಅಳಿಸಬೇಕು. ಹಿತ್ತಲಿಗೆ ನುಗ್ಗಿ ಹಾಸುಬಟ್ಟೆಗಳನ್ನು ಕ್ಲಿಪ್ಪುಗಳ ಸಮೇತ ಎಳೆದಳು. ನೀರು ಕುಡಿದ ಬಟ್ಟೆ ಹೆಣಭಾರ. ಹೆಣ ಎಂಬ ಮಾತು ತಲೆಗೆ ಬಂದದ್ದಕ್ಕೆ ತನ್ನ ತಲೆಗೇ ಬೈದುಕೊಂಡಳು. ಎರಡು ತೋಳಿಗೆ ಹಿಡಿಯುವಷ್ಟು ಹೊತ್ತುಕೊಂಡು ಮನೆಯ ಮುಂದೆ ಬಂದರೆ ಮುಂದೆ ಏನೂ ಇರಲಿಲ್ಲ. ಇಳಿಜಾರು, ಹುಲ್ಲು, ಆಕಾಶ ಎಲ್ಲ ಒಂದೇ ಬಿಳಿ. ಹಳೆಯ ಸಾಲು ಎಲ್ಲಿತ್ತು? ಇಷ್ಟು ವರ್ಷ ದಿನಾ ನಡೆದ ಜಾಗ, ಈಗ ಎಡವೋ ಬಲವೋ ತಿಳಿಯದು. ಸ್ವಲ್ಪ ವಾಲಿದರೂ ಇನ್ನೊಂದು ಬಂಡೆಗೆ ಕಳಿಸಿದ ಹಾಗೆ.

ನಾಲ್ಕು ಹೆಜ್ಜೆ ಇಟ್ಟಿರಬೇಕು, ಬಲಗಾಲು ಮೊಣಕಾಲಿನ ತನಕ ಒಂದು ಕುಳಿಯೊಳಗೆ ಇಳಿಯಿತು. ಬಿದ್ದ ನೋವಿಗೆ ಕಣ್ಣಲ್ಲಿ ನೀರು ಬಂತು. ಆದರೂ ಆ ಕುಳಿಯ ಅಂಚನ್ನು ಅವಳು ಎರಡೂ ಕೈಯಿಂದ ಸವರಿದಳು. ಕಂಬದ ಕುಳಿ. ಗಂಡ ನಾಳೆ ಮುಚ್ಚುತ್ತೇನೆಂದ ಕುಳಿ.

ಆಮೇಲೆ ಅವಳು ಕಾಲಿನಿಂದಲೇ ನೋಡಿದಳು. ಒಂದು ಕುಳಿಯಿಂದ ತಡಕಾಡುತ್ತ ಇನ್ನೊಂದು ಕುಳಿ, ನಡುವೆ ನೆಲದ ಮೇಲೆ ಬಟ್ಟೆ. ಹಾಸುವುದು, ಮೂಲೆಗೆ ಕಲ್ಲಿಡುವುದು, ಓಡುವುದು. ಕಲ್ಲು ಸಾಲದಾಗ ಒಳಗಿಂದ ಇಸ್ತ್ರಿ ಪೆಟ್ಟಿಗೆಗಳನ್ನು ತಂದಳು. ಒಂದರಲ್ಲಿ ಕೆಂಡ ಇನ್ನೂ ಇತ್ತು. ಚುಯ್ ಎಂದು ಹಬೆ ಎದ್ದು ಆಸ್ಪತ್ರೆಯ ಹೊಸ ಹಾಸಿನ ಮೇಲೆ ಕಂದು ಗುರುತು ಬಿತ್ತು. ದೊಡ್ಡ ನರ್ಸು ಏನಾದರೂ ಅಂದುಕೊಳ್ಳಲಿ.

ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಗಣಿಯ ಕಡೆಗಿತ್ತು. ಹಾರ್ನ್ ಇಲ್ಲ. ರಸ್ತೆ ಕೆಟ್ಟಿರಬೇಕು, ಇನ್ನೂ ಮುಟ್ಟಿರಲಿಕ್ಕಿಲ್ಲ. ಇನ್ನೊಂದು ಬಟ್ಟೆ ಹಾಸಿದಳು. ಹಾರ್ನ್ ಇಲ್ಲ. ಮುಟ್ಟಿರಬಹುದು, ಹುಡುಕುತ್ತಿರಬಹುದು. ಮತ್ತೊಂದು ಹಾಸಿದಳು. ಹಾರ್ನ್ ಇಲ್ಲ. ಏನೂ ಹೊಡೀಬೇಡ ಎಂದವಳು ತಾನೇ. ಆ ಮಾತನ್ನು ಯಾಕಾದರೂ ಆಡಿದೆನೋ ಎನ್ನಿಸಿತು. ನಾಯಿಗೂ ನೆರಳಿಗೂ ಹಾರ್ನ್ ಹೊಡೆಯುವ ಮನುಷ್ಯ ಇವತ್ತು ಮೌನ ಹಿಡಿದು ಕೂತಿದ್ದಾನೆ. ಗಣಿಯಲ್ಲಿ ಬಿದ್ದವನು ಹೊಸಬನಾಗಿರಲಿ ಎಂದು ಮನಸ್ಸು ಒಳಗೊಳಗೇ ಕೇಳಿಕೊಂಡಿತು. ಕೇಳಿಕೊಂಡದ್ದೇ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅವನಿಗೂ ಎಲ್ಲೋ ಒಬ್ಬ ಅಕ್ಕ ಇರಬೇಕು. ಹೋದವನೂ ತಮ್ಮನೇ, ಬರುವವನೂ ತಮ್ಮನೇ ಎಂದು ಬಾಯಿಬಿಟ್ಟು ಹೇಳಿಕೊಂಡಳು.

ಕೊನೆಯ ಕುಳಿಗೆ ಮುಟ್ಟುವ ಮೊದಲೇ ಎರಡನೆಯ ವಿಮಾನದ ಸದ್ದು ಬಂತು.

ಅದು ಮನೆಯ ಮೇಲೆ ಹಾದು ಮುಂದೆ ಹೋಯಿತು, ತಿರುಗಿ ಬಂತು. ಮತ್ತೆ ಹೋಯಿತು. ಕುರುಡ ಗೋಡೆ ತಡಕುವ ಹಾಗೆ. ಅದು ಹಿತ್ತಲಿನ ಕಡೆಗೆ ವಾಲಿದಾಗ ದೊಡ್ಡಕ್ಕ ತಿರುಗಿ ನೋಡಿದಳು. ಹಿಂದಿನ ಹಗ್ಗದ ತುದಿಯಲ್ಲಿ, ಗೋಡೆಯ ಮೂಲೆಗೆ ಒಂದು ಹಾಸು ಉಳಿದುಬಿಟ್ಟಿತ್ತು. ಕುಂಟುತ್ತ ಓಡಿದಳು. ಗಾಳಿಗೆ ಅದು ಉಬ್ಬಿ ಗುಡ್ಡದ ಕಡೆಗೆ ಕೈಬೀಸಿ ಕರೆಯುತ್ತಿತ್ತು. ಹಾರಿ ಹಿಡಿದು ಕಿತ್ತು, ಗುಪ್ಪೆ ಮಾಡಿ ಹೊಟ್ಟೆಯ ಕೆಳಗೆ ಹಾಕಿಕೊಂಡು ನೆಲಕ್ಕೆ ಬಿದ್ದಳು. ಮೇಲಿನ ಸದ್ದಿಗೆ ಹಲ್ಲು ಕಟಕಟ ಅಂದವು. ಕಣ್ಣು ಮುಚ್ಚಿಕೊಂಡಳು. ನೋಡು, ಮುಂದೆ ನೋಡು, ನೆಲ ನೋಡು ಎಂದು ಮಣ್ಣಿಗೆ ಬಾಯಿಟ್ಟು ಹೇಳುತ್ತಿದ್ದಳು.

ಸದ್ದು ದಿಕ್ಕು ಬದಲಿಸಿತು. ಮನೆಯ ಮುಂದಕ್ಕೆ ಹೋಯಿತು, ಒಂದು ಅರೆಗಳಿಗೆ ಅಲ್ಲೇ ತೂಗಿತು, ಆಮೇಲೆ ನೇರವಾಯಿತು. ದೂರವಾಯಿತು. ಅವಳು ಉಸಿರು ಹಿಡಿದು ಕಾದಳು. ಅದು ಕಿರುಚುವುದಕ್ಕಾಗಿ, ಬಡಿಯುವುದಕ್ಕಾಗಿ ಕಾದಳು. ಕಣಿವೆಯ ಸಂದು ಹೊಕ್ಕಾಗ ಬರುವ ಆ ಟೊಳ್ಳು ಸದ್ದು, ತಮ್ಮ ಹಾದುಹೋದಾಗಲೆಲ್ಲ ಕೇಳುತ್ತಿದ್ದ ಸದ್ದು, ಒಂದು ಸಲ ಗುಮ್ಮೆಂದು ಕೇಳಿಸಿ ನಿಂತಿತು.

ಅದು ದಾಟಿತ್ತು. ದಾಟಿದವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಎದ್ದಳು. ಹಾಸನ್ನು ಹೆಗಲಿಗೆ ಹಾಕಿಕೊಂಡು ಗಣಿಯ ಕಡೆಗೆ ನಡೆದಳು. ಅರ್ಧ ದಾರಿಯಲ್ಲಿ ಹಾರ್ನ್ ಕೇಳಿಸಿತು. ಒಂದು ಸಲ. ಅವಳು ನಿಂತಳು. ಮತ್ತೊಂದು ಸಲ. ಆಮೇಲೆ ಬಿಟ್ಟು ಬಿಟ್ಟು, ಹುಚ್ಚು ಹಿಡಿದ ಹಾಗೆ. ಕಾಲಿನ ನೋವು ಎಲ್ಲಿ ಹೋಯಿತೋ, ಆ ಸದ್ದನ್ನೇ ಹಿಡಿದುಕೊಂಡು ಓಡಿದಳು.

ವಿಮಾನ ಗಣಿಯ ಬದುವಿನ ಮೇಲೆ ಮಗುಚಿದ ಮಂಚದಂತೆ ಬಿದ್ದಿತ್ತು. ಸೀಳಿದ ರೆಕ್ಕೆಯ ಬಟ್ಟೆ ಬಂಡೆಗೆ ಅಂಟಿತ್ತು. ಅಂಚೆಯವರ ನಿಯಮದಂತೆ ಮೊದಲು ಚೀಲ ಎತ್ತಬೇಕಾದ ಹಾರ್ನ್ ಮಾಮ ಒಂದು ಚೀಲವನ್ನು ಗಾಯಗೊಂಡವನ ತಲೆಯ ಕೆಳಗೆ ಇಟ್ಟಿದ್ದ, ಉಳಿದವು ಎಲ್ಲೆಂದರಲ್ಲಿ ಬಿದ್ದಿದ್ದವು. ಯಂತ್ರದ ಅಡಿಗೆ ಸಿಕ್ಕಿದ ಕಾಲನ್ನು ಬಿಡಿಸಲು ಇಷ್ಟು ಹೊತ್ತಾಯಿತಂತೆ. ಗಂಡನ ಅಂಗೈ ಸುಲಿದು ರಕ್ತ ಸೋರುತ್ತಿತ್ತು. ಅವನು ಹೆಂಡತಿಯನ್ನು ನೋಡಿ ಪಕ್ಕಕ್ಕೆ ಸರಿದ. ಸರಿದ ರೀತಿಯಲ್ಲೇ ಅವಳಿಗೆ ಯಾರೆಂದು ತಿಳಿಯಿತು.

ತಮ್ಮನ ಮುಖ ಸುಣ್ಣದಂತಿತ್ತು. ಅವಳನ್ನು ಕಂಡು ನಗಲು ನೋಡಿದ, ಆಗಲಿಲ್ಲ.

"ಹಿಂದಿನವನು?" ಎಂದ.

"ದಾಟಿದ."

"ನಿಜವಾಗ್ಲೂ? ಸಂದಿನ ಸದ್ದು ಕೇಳ್ದ್ಯಾ?"

"ಕೇಳ್ದೆ. ಮಾತಾಡ್ಬೇಡ."

ಅವನು ಕಣ್ಣು ಮುಚ್ಚಿದ. ಅವಳು ಹೆಗಲ ಮೇಲಿನ ಹಾಸನ್ನು ಹಲ್ಲಿನಿಂದ ಸೀಳಿ ತೊಡೆಗೆ ಬಿಗಿಯಾಗಿ ಕಟ್ಟಿದಳು. ಆಸ್ಪತ್ರೆಯ ಬಟ್ಟೆ, ಹೇಗೂ ಆಸ್ಪತ್ರೆಗೇ ಹೋಗಬೇಕಿತ್ತು. ಗಂಟು ಹಾಕುತ್ತ, ತಲೆ ಎತ್ತದೆ ಹೇಳಿದಳು. "ಹಗ್ಗ ತಿರುಗಿಸಿದ್ದು ನಾನೇ ಕಣೋ. ಮಸಿ ಬೀಳ್ತಿತ್ತು ಅಂತ."

ಅವನು ಕೈ ಚಾಚಿ ಅವಳ ಸೆರಗಿನ ತುದಿ ಹಿಡಿದ.

"ಬಂಡೆ ಕಂಡಾಗ ಅನ್ಕೊಂಡೆ" ಎಂದ. "ಅದು ಎತ್ತ ತೋರಿಸ್ತಿತ್ತು ಅಂತ ನಾನು ನಿನಗೆ ಹೇಳೇ ಇರಲಿಲ್ಲ ಅಲ್ವಾ, ಅಕ್ಕ?"

"ಇಲ್ಲ."

"ನಿನಗೆ ಗೊತ್ತಿದೆ ಅಂತಲೇ ಅನ್ಕೊಂಡಿದ್ದೆ."

ರೆಕ್ಕೆಯ ಮುರಿದ ಹಲಗೆಯ ಮೇಲೆ ಮಲಗಿಸಿ ಅವನನ್ನು ವ್ಯಾನಿಗೆ ತಂದರು. ಆಸ್ಪತ್ರೆಯ ತನಕ ಹಾರ್ನ್ ಮಾಮ ಒಮ್ಮೆಯೂ ಹಾರ್ನ್ ಒತ್ತಲಿಲ್ಲ. ಜೀವ ಉಳಿಯಿತು, ಒಂದು ಕಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ. ಅವನು ಮತ್ತೆ ವಿಮಾನ ಏರಲಿಲ್ಲ. ಕೋಲು ಊರಿಕೊಂಡು ಇಸ್ತ್ರಿ ಮೇಜಿನ ಮುಂದೆ ನಿಂತು, ಭಾವನಿಗಿಂತ ನಿಧಾನ ಮಾಡುವವರೂ ಈ ಲೋಕದಲ್ಲಿ ಇದ್ದಾರೆಂದು ತೋರಿಸಿಕೊಟ್ಟ.

ಅವಘಡದ ಮಾರನೆಯ ಬೆಳಿಗ್ಗೆ ದೊಡ್ಡಕ್ಕ ಆಸ್ಪತ್ರೆಯಿಂದ ಮನೆಗೆ ಬಂದಾಗ ಗಂಡ ಪಟ್ಟಿ ಸುತ್ತಿದ ಕೈಯಲ್ಲೇ ಕಂಬಗಳನ್ನು ಹಳೆಯ ಕುಳಿಗಳಲ್ಲಿ ನಿಲ್ಲಿಸುತ್ತಿದ್ದ. ಯಾರೂ ಹೇಳಿರಲಿಲ್ಲ. ಅವಳು ಮಾತಾಡದೆ ಹಗ್ಗ ಬಿಗಿದಳು, ಬಟ್ಟೆ ಹರವಿದಳು. ಮಸಿ ಬಿತ್ತು. ಬಿದ್ದದ್ದನ್ನು ಮತ್ತೆ ಒಗೆದಳು. ಎರಡು ಸಲ ಒಗೆಯುವುದಕ್ಕೆ ಕೂಲಿ ಒಂದೇ ಸಲದ್ದು ಎಂದು ದೊಡ್ಡ ನರ್ಸು ಮೊದಲೇ ಹೇಳಿಬಿಟ್ಟಿದ್ದಳು.

ಆ ಮಧ್ಯಾಹ್ನ ಆಕಾಶ ತೊಳೆದಿಟ್ಟಂತಿತ್ತು. ಅಂಚೆ ವಿಮಾನ ಬರುವ ಹೊತ್ತಿಗೆ ಅವಳು ಹಗ್ಗದ ಈ ತುದಿಗೆ ಬಂದು, ಕಂಬಕ್ಕೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು. ಆ ತುದಿಯಲ್ಲಿ ಕಣಿವೆಯ ಸಂದು ಇತ್ತು. ಕಣ್ಣು ತೆಗೆದು ಮತ್ತೆ ನೋಡಿದಳು. ಅಲ್ಲೇ ಇತ್ತು. ಆದರೂ ಇನ್ನೊಮ್ಮೆ ನೋಡಿದಳು. ವಿಮಾನ ತಲೆಯ ಮೇಲೆ ಬಂದು ರೆಕ್ಕೆ ಆಡಿಸಿತು ಎಂದು ಗಂಡ ಆಮೇಲೆ ಹೇಳಿದ. ಅವಳು ನೋಡಿರಲಿಲ್ಲ. ಟೊಳ್ಳು ಸದ್ದು ಕೇಳಿಬರುವ ತನಕ ಅವಳ ಕಣ್ಣು ಹಗ್ಗದ ಮೇಲಿತ್ತು, ಕೈ ಕಂಬವನ್ನು ಬಿಟ್ಟಿರಲಿಲ್ಲ.